ಪ್ರೌಢ ಸ್ತ್ರೀಯರೂ ಸ್ವಲೀನತೆಯ ನಿರ್ಣಯವೂ: ಒಂದು ಚಾರಿತ್ರಿಕ ವಿವೇಚನೆ

1. ಪೀಠಿಕೆ

ಚರಿತ್ರೆಯ ಶಾಖೆಯ ವಾರ್ಷಿಕ ಸಂಚಿಕೆಯಲ್ಲಿ ವೈದ್ಯಶಾಸ್ತ್ರಕ್ಕೆ ಸೇರಿದಂತೆ ತೋರುವ ವಿಷಯವೊಂದನ್ನು ಎತ್ತಿಕೊಂಡಿರುವುದು ವಾಚಕರಲ್ಲಿ ಕೆಲವರಿಗೆ ಅಚ್ಚರಿಯನ್ನುಂಟುಮಾಡಬಹುದು. ಆಟಿಸಂ ಎಂದು ಸಾಮಾನ್ಯವಾಗಿ ಕರೆಯುವ ಸ್ವಲೀನತೆಯನ್ನು ಗುರುತಿಸುವುದು ವೈದ್ಯರ ಮತ್ತು ಮನಶ್ಶಾಸ್ತ್ರಜ್ಞರ ಕೆಲಸ. ಅದರಲ್ಲಿ ನಾವು ಕೈಹಾಕುವುದಿಲ್ಲ. ಆದರೆ ಮೂವತ್ತೋ ನಲವತ್ತೋ ವರ್ಷ ತುಂಬಿದ ಸ್ತ್ರೀಯೊಬ್ಬಳು ತಾನು ಹುಟ್ಟಿನಿಂದಲೂ ಸ್ವಲೀನಳಾಗಿದ್ದಿರಬಹುದೇ ಎಂಬ ಪ್ರಶ್ನೆಯನ್ನು ಹಾಕಿಕೊಂಡಾಗ, ಅವಳು ಕೇಳುತ್ತಿರುವುದು ಕಳೆದುಹೋದ ಕಾಲವನ್ನು ಕುರಿತ ಪ್ರಶ್ನೆ. ದಾಖಲೆ ಯಾವುದು, ಸಾಕ್ಷಿ ಯಾರು, ದಾಖಲೆಯಿಲ್ಲದಿರುವುದಕ್ಕೆ ಅರ್ಥವೇನು ಎಂಬ ವಿಚಾರಗಳು ಅಲ್ಲಿ ಏಳುತ್ತವೆ. ಇವು ಚರಿತ್ರಕಾರನ ಪ್ರಶ್ನೆಗಳು. ಆದುದರಿಂದಲೇ ಪ್ರಕೃತ ಲೇಖನಕ್ಕೆ ಇಲ್ಲಿ ಸ್ಥಾನವುಂಟೆಂದು ಭಾವಿಸಿದ್ದೇವೆ.

ಸ್ವಲೀನತೆಯೆಂಬುದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಒಂದು ಭೇದ. ಇತರರೊಡನೆ ಬೆರೆಯುವುದರಲ್ಲಿಯೂ ಮಾತು, ನೋಟ, ಸನ್ನೆಗಳ ಕೊಡುಕೊಳೆಯಲ್ಲಿಯೂ ತೊಡಕು ಅದರ ಒಂದು ಮುಖ. ಒಂದೇ ಕ್ರಮವನ್ನು ಹಿಡಿಯುವುದು, ಕೆಲವೇ ವಿಷಯಗಳಲ್ಲಿ ತೀವ್ರವಾದ ಆಸಕ್ತಿ, ಸದ್ದು ಬೆಳಕು ಸ್ಪರ್ಶಗಳನ್ನು ಅತಿಯಾಗಿಯೋ ಅತ್ಯಲ್ಪವಾಗಿಯೋ ಅನುಭವಿಸುವುದು ಇನ್ನೊಂದು ಮುಖ. ಅದು ಅಂಟುವ ರೋಗವಲ್ಲ, ಔಷಧದಿಂದ ಗುಣವಾಗುವುದೂ ಅಲ್ಲ. ಬುದ್ಧಿಮಾಂದ್ಯ ಅದರೊಡನೆ ಇರಲೂಬಹುದು, ಇಲ್ಲದೆಯೂ ಇರಬಹುದು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳ ಜನಜೀವನವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಈ ಪ್ರಶ್ನೆ ನಮಗೆ ಗ್ರಂಥಗಳ ಮೂಲಕ ಮಾತ್ರವೇ ಬಂದುದಲ್ಲವೆಂಬುದನ್ನು ಮೊದಲಿಗೇ ಹೇಳಿಬಿಡುವುದು ನ್ಯಾಯ. ನಮ್ಮ ಸ್ವಂತದ ವಿಷಯದಲ್ಲಿಯೂ ಇದನ್ನು ಕೆಲವು ಕಾಲದಿಂದ ತೂಗಿ ನೋಡುತ್ತಿದ್ದೇವೆ.

2. ಗಣತಿಯ ಕಲಮುಗಳು

ನಮ್ಮ ಪ್ರಾಂತದಲ್ಲಿ ಹಿಂದೆ ಇಂತಹ ಹೆಂಗಸರು ಇದ್ದರೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡು ಜನಗಣತಿಯ ಸಂಪುಟಗಳಿಗೆ ಹೋದವನು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. 1881ರಿಂದ 1931ರವರೆಗಿನ ಗಣತಿಗಳಲ್ಲಿ ಅಂಗವೈಕಲ್ಯಗಳನ್ನು ಎಣಿಸುವ ಪದ್ಧತಿಯಿದ್ದಿತು. ಆದರೆ ಅಲ್ಲಿದ್ದ ಕಲಮುಗಳು ಮತಿಭ್ರಾಂತರು, ಕಿವುಡುಮೂಕರು, ಕುರುಡರು, ಕುಷ್ಠರೋಗಿಗಳು ಎಂಬ ನಾಲ್ಕು ಮಾತ್ರ. ಸ್ವಾತಂತ್ರ್ಯಾನಂತರ 1981ರಲ್ಲಿ ಮೂರು ಬಗೆಯ ವೈಕಲ್ಯಗಳನ್ನೂ, 2001ರಲ್ಲಿ ಐದನ್ನೂ, 2011ರಲ್ಲಿ ಎಂಟನ್ನೂ ಕೇಳಲಾಯಿತು. ಆ ಎಂಟರಲ್ಲಿಯೂ ಸ್ವಲೀನತೆಗೆ ಪ್ರತ್ಯೇಕವಾದ ಕಲಮು ಇರಲಿಲ್ಲ.

2007ರಲ್ಲಿ ಕೋಲಾರದಿಂದ ಬೇರೆಯಾಗಿ ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯ ಪ್ರಕಾರ 12,55,104. ಇಷ್ಟು ಜನರಲ್ಲಿ ಸ್ವಲೀನರೆಷ್ಟು ಮಂದಿಯೆಂಬುದನ್ನು ಆ ಗಣತಿ ಹೇಳಲಾರದು. ಇಲ್ಲವೆಂದು ಅದು ಹೇಳಿದುದಲ್ಲ, ಕೇಳಲೇ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ದೊರೆಯದಿರುವುದನ್ನು ವಸ್ತುವಿನ ಅಭಾವಕ್ಕೆ ಪ್ರಮಾಣವಾಗಿ ಹಿಡಿಯಬಾರದೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ಮೊದಲ ಪಾಠ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ನೆಯ ಏಪ್ರಿಲ್ 25ರಂದು ನಡೆದ ಗೋಲಿಬಾರಿನಲ್ಲಿ ಮಡಿದವರ ಸಂಖ್ಯೆಯ ವಿಷಯದಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ನೆನಪಿನ ಲೆಕ್ಕಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ದಾಖಲೆ ಮೌನವಾಗಿರುವಲ್ಲಿ ಮನೆಯವರ ನೆನಪೇ ಆಕರವಾಗುತ್ತದೆ.

3. ಹೆಸರಿನ ಚರಿತ್ರೆ

ಗಣತಿಯವರು ಕೇಳದಿದ್ದುದು ಹಾಗಿರಲಿ. ವೈದ್ಯರಾದರೂ ಹೆಂಗಸರನ್ನು ಏಕೆ ಕಾಣಲಿಲ್ಲ? ಈ ಹೆಸರು ಬೆಳೆದುಬಂದ ಬಗೆಯನ್ನು ನೋಡಿದರೆ ಇದು ವಿಶದವಾಗುತ್ತದೆ.

ಆಟಿಸಂ ಎಂಬ ಶಬ್ದವನ್ನು ಮೊದಲು ಬಳಕೆಗೆ ತಂದವರು ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್. ಅವರು 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದು ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಒಂದು ಲಕ್ಷಣವಾಗಿತ್ತೇ ಹೊರತು ಸ್ವತಂತ್ರವಾದ ಸ್ಥಿತಿಯಾಗಿರಲಿಲ್ಲ. ಇಂದು ನಾವು ಗುರುತಿಸುವ ಚಿತ್ರವನ್ನು ಬಹು ಹಿಂದೆಯೇ ಬರೆದವರಲ್ಲಿ ಒಬ್ಬರು ಮಾಸ್ಕೋ ನಗರದಲ್ಲಿ ಕೆಲಸಮಾಡುತ್ತಿದ್ದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ. 1925ರಲ್ಲಿ ಆರು ಮಂದಿ ಹುಡುಗರನ್ನು ಕುರಿತು ಬರೆದ ಈಕೆ, 1927ರಲ್ಲಿ ಹುಡುಗಿಯರನ್ನು ಕುರಿತು ಪ್ರತ್ಯೇಕವಾಗಿಯೇ ಬರೆದರು. ಆದರೆ ಆ ಬರಹಗಳು ಇಂಗ್ಲಿಷ್ ಬಲ್ಲ ಜಗತ್ತಿನ ಗಮನಕ್ಕೆ ಬಂದುದು ಬಹಳ ತಡವಾಗಿ. ಮೊದಲನೆಯದು ಇಂಗ್ಲಿಷಿಗೆ ಅನುವಾದವಾದುದೇ 1996ರಲ್ಲಿ. ಹುಡುಗಿಯರನ್ನು ಕುರಿತ ಲೇಖನವಂತೂ ಇನ್ನೂ ಬಹಳ ಕಾಲ ಕಾಯಬೇಕಾಯಿತು.

ಅಮೆರಿಕದಲ್ಲಿ ಲಿಯೋ ಕ್ಯಾನರ್ 1943ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಹನ್ನೊಂದು ಮಕ್ಕಳಿದ್ದರು. ಅವರಲ್ಲಿ ಎಂಟು ಮಂದಿ ಹುಡುಗರು, ಮೂವರು ಹುಡುಗಿಯರು. ವಿಯೆನ್ನಾ ನಗರದ ಹ್ಯಾನ್ಸ್ ಆಸ್ಪರ್ಗರ್ 1944ರಲ್ಲಿ ವಿವರವಾಗಿ ವರ್ಣಿಸಿದ ನಾಲ್ವರೂ ಹುಡುಗರೇ. ಮುಂದೆ ಲಕ್ಷಣಗಳ ಪಟ್ಟಿಗಳು ಇಂತಹ ವರ್ಣನೆಗಳಿಂದ ಬೆಳೆದುವು. ಗಂಡುಮಕ್ಕಳನ್ನು ನೋಡಿ ಮಾಡಿದ ಅಳತೆಗೋಲಿನಿಂದ ಹೆಣ್ಣುಮಕ್ಕಳನ್ನು ಅಳೆದಾಗ ಅವರಲ್ಲಿ ಅನೇಕರು ಅಳತೆಯ ಹೊರಗೆ ಉಳಿದರೆಂಬುದರಲ್ಲಿ ಆಶ್ಚರ್ಯವೇನೂ ಇಲ್ಲ. ನಾಲ್ವರು ಹುಡುಗರಿಗೆ ಒಬ್ಬ ಹುಡುಗಿಯೆಂಬ ಪ್ರಮಾಣವನ್ನು ದಶಕಗಳ ಕಾಲ ಎಲ್ಲರೂ ಹೇಳುತ್ತ ಬಂದರು. ಆದರೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಇಂಗ್ಲೆಂಡಿನ ಸಂಶೋಧಕರು ಪ್ರಕಟಿಸಿದ ವಿಮರ್ಶೆಯಲ್ಲಿ ಆ ಪ್ರಮಾಣ ಮೂರಕ್ಕೆ ಒಂದರ ಸಮೀಪದ್ದೆಂದು ಕಂಡುಬಂದಿತು. ಹುಡುಗಿಯರಿಗೆ ನಿರ್ಣಯ ತಪ್ಪಿಹೋಗುವ ಸಂಭವ ಹೆಚ್ಚೆಂಬುದೂ ಹೊರಬಿದ್ದಿತು.

ಈ ನಡುವೆ ಇನ್ನೊಂದು ಅನ್ಯಾಯವೂ ನಡೆಯಿತು. ತಾಯಿತಂದೆಗಳ, ಅದರಲ್ಲಿಯೂ ತಾಯಿಯ, ಮಮತೆಯ ಕೊರತೆಯೇ ಇದಕ್ಕೆ ಕಾರಣವೆಂಬ ವಾದ ಕೆಲವು ಕಾಲ ಮೆರೆಯಿತು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಅದಕ್ಕೆ ವಿಶೇಷ ಪ್ರಚಾರವನ್ನು ಕೊಟ್ಟರು. ಸ್ವತಃ ಸ್ವಲೀನ ಬಾಲಕನೊಬ್ಬನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿಯೇ ಇಂತಹ ವಾದವನ್ನು ಖಂಡಿಸಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟರ್ ಅವಳಿ ಮಕ್ಕಳನ್ನು ಪರೀಕ್ಷಿಸಿ ಅನುವಂಶೀಯತೆಯ ಪಾತ್ರವನ್ನು ತೋರಿಸಿದ ಮೇಲೆ ಆ ವಾದ ನಿಲ್ಲಲಾರದೆ ಹೋಯಿತು. ತಾಯಿಯನ್ನು ಮಾತನಾಡಿಸಹೊರಟ ಮಗಳು ಇದನ್ನು ತಿಳಿದಿರಬೇಕಾದುದು ಅವಶ್ಯ. ಏಕೆಂದರೆ ಆ ತಾಯಿ ಮೊದಲು ಕೇಳುವ ಮಾತು, “ನಾನು ಸಾಕಿದ್ದರಲ್ಲಿ ಏನು ತಪ್ಪಾಯಿತಮ್ಮಾ?” ಎಂಬುದೇ ಆಗಿರಬಹುದು. ತಪ್ಪೇನೂ ಆಗಿಲ್ಲವೆಂದು ಅವಳಿಗೆ ಧೈರ್ಯವಾಗಿ ಹೇಳಬಹುದು.

ಲಂಡನ್ನಿನ ಲೋರ್ನಾ ವಿಂಗ್ 1981ರಲ್ಲಿ ಆಸ್ಪರ್ಗರನ ಬರಹವನ್ನು ಬೆಳಕಿಗೆ ತಂದು, ಮಾತೂ ಬುದ್ಧಿಯೂ ಚೆನ್ನಾಗಿರುವವರಲ್ಲಿಯೂ ಈ ಸ್ಥಿತಿಯುಂಟೆಂಬುದನ್ನು ಎತ್ತಿ ಹೇಳಿದರು. ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯಲ್ಲಿ 1994ರಲ್ಲಿ ಆಸ್ಪರ್ಗರನ ಹೆಸರಿನ ಪ್ರತ್ಯೇಕ ನಿರ್ಣಯವೊಂದು ಸೇರಿತು; 2013ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟು ಎಲ್ಲವನ್ನೂ ಒಂದೇ ಶ್ರೇಣಿಯಾಗಿ ಪರಿಗಣಿಸಲಾಯಿತು. ಇಂದು ಮೂವತ್ತೈದು ವರ್ಷದವಳಾದ ಹೆಂಗಸು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅವಳನ್ನು ಗುರುತಿಸುವ ಹೆಸರು ಇಂಗ್ಲೆಂಡ್ ಅಮೆರಿಕಗಳಲ್ಲಿಯೇ ಹೊಸದು. ಚಿಂತಾಮಣಿಯ ಉಪಾಧ್ಯಾಯರು ಅದನ್ನು ಅರಿಯದಿದ್ದುದು ಅವರ ಅಪರಾಧವಲ್ಲ.

4. ಹುಳುಮನೆಯ ಹುಡುಗಿ

2013ರ ಕೈಪಿಡಿಯಲ್ಲಿ ಒಂದು ಅಂಶ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಲಕ್ಷಣಗಳು ಬಾಲ್ಯದಿಂದಲೇ ಇರಬೇಕು. ಆದರೆ ಜೀವನದ ಬೇಡಿಕೆಗಳು ವ್ಯಕ್ತಿಯ ಶಕ್ತಿಯನ್ನು ಮೀರುವವರೆಗೆ ಅವು ಪೂರ್ತಿಯಾಗಿ ಪ್ರಕಟವಾಗದಿರಬಹುದು, ಅಥವಾ ಕಲಿತುಕೊಂಡ ಉಪಾಯಗಳಿಂದ ಮರೆಯಾಗಿರಬಹುದು ಎಂದು ಅದು ಒಪ್ಪುತ್ತದೆ. ಇದರ ಅರ್ಥವನ್ನು ಶಿಡ್ಲಘಟ್ಟದ ಕಡೆಯ ಒಂದು ಉದಾಹರಣೆಯಿಂದ ವಿವರಿಸಬಹುದು. ಉದಾಹರಣೆ ಕಲ್ಪಿತ, ಅದರ ಹಿನ್ನೆಲೆಯಾದ ಜೀವನಕ್ರಮ ಮಾತ್ರ ಈ ಭಾಗದಲ್ಲಿ ಎಲ್ಲರೂ ಬಲ್ಲದ್ದು.

ರೇಷ್ಮೆ ಹುಳು ಸಾಕುವ ಮನೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಹುಳುಮನೆಯಲ್ಲಿ ಎಲ್ಲವೂ ಕ್ರಮಬದ್ಧ. ಗೊತ್ತಾದ ಹೊತ್ತಿಗೆ ಹಿಪ್ಪುನೇರಳೆ ಸೊಪ್ಪನ್ನು ಹಾಕಬೇಕು; ಹುಳು ನಾಲ್ಕು ಸಲ ಜ್ವರಕ್ಕೆ ಕೂರುವುದನ್ನು ಗಮನಿಸಿ ಆಗ ಸೊಪ್ಪನ್ನು ನಿಲ್ಲಿಸಬೇಕು; ಹಣ್ಣಾದ ಹುಳುವನ್ನು ಕಂಡ ಕೂಡಲೆ ಚಂದ್ರಿಕೆಗೆ ಬಿಡಬೇಕು. ಕಂಡವರನ್ನೆಲ್ಲ ಒಳಗೆ ಬಿಡುವಂತಿಲ್ಲ. ಇಂತಹ ಕಡೆಯಲ್ಲಿ ಮಾತು ಕಡಮೆ, ಹೊತ್ತು ತಪ್ಪದ, ಸೊಪ್ಪಿನ ಬಾಡನ್ನು ಮುಟ್ಟಿಯೇ ಹೇಳಬಲ್ಲ ಹುಡುಗಿ ಮನೆಗೆ ದೊಡ್ಡ ಆಸ್ತಿ. ಅವಳಲ್ಲಿ ಭೇದವೇನಾದರೂ ಇದ್ದರೆ ಅದು ಅಲ್ಲಿ ಗುಣವೆನಿಸುತ್ತದೆ. ಗೂಡಿನ ಮಾರುಕಟ್ಟೆಯ ಗದ್ದಲಕ್ಕೆ ಅವಳು ಹೋಗಬೇಕಾಗಿಲ್ಲ; ನೂಲು ಬಿಚ್ಚುವ ಮನೆಯ ವಾಸನೆಯನ್ನು ಸಹಿಸಲಾರಳೆಂದರೆ, “ಅವಳಿಗೆ ಆಗಿಬರೋದಿಲ್ಲ, ಬಿಡಿ” ಎನ್ನುತ್ತಾರೆ, ಅಷ್ಟೆ.

ಅದೇ ಹುಡುಗಿ ಓದಿ ಪಟ್ಟಣದಲ್ಲಿ ಕೆಲಸಕ್ಕೆ ಸೇರಿದಾಗ, ಅಥವಾ ಮದುವೆಯಾಗಿ ಕೂಡುಕುಟುಂಬವನ್ನು ಸೇರಿದಾಗ, ಈ ಆಸರೆ ತಪ್ಪಿಹೋಗುತ್ತದೆ. ಯಾರು ಬಂದರೆ ಏನು ಮಾತನಾಡಬೇಕು, ಎಷ್ಟು ನಗಬೇಕು, ಯಾವಾಗ ಎದ್ದು ಒಳಗೆ ಹೋಗಬೇಕು ಎಂಬುದನ್ನು ಅವಳು ಪಾಠದಂತೆ ಕಲಿತುಕೊಳ್ಳುತ್ತಾಳೆ. ನಾದಿನಿಯ ನಗುವನ್ನು ನೋಡಿ ತಾನೂ ಹಾಗೆಯೇ ನಗುತ್ತಾಳೆ. ಬೀಗರ ಮನೆಯ ಮದುವೆಯಿಂದ ಹಿಂದಿರುಗಿ ಎರಡು ದಿನ ಕತ್ತಲೆಯ ಕೋಣೆಯಲ್ಲಿ ಮಲಗುತ್ತಾಳೆ. ಜನ ಕಾಣುವುದು ಮದುವೆಮನೆಯ ನಗುವನ್ನು. ಈ ಬಗೆಯ ಮರೆಮಾಚುವಿಕೆ ಸ್ವಲೀನ ಪುರುಷರಲ್ಲಿಯೂ ಉಂಟು. ಸ್ತ್ರೀಯರಲ್ಲಿ ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ. ಹೆಣ್ಣು ನೋಡುವ ಶಾಸ್ತ್ರದಿಂದ ಮೊದಲ್ಗೊಂಡು ತಗ್ಗಿ ಬಗ್ಗಿ ನಡೆಯುವುದನ್ನು ಹೆಣ್ಣಿಗೆ ಮಾತ್ರ ಕಡ್ಡಾಯಮಾಡಿರುವ ಸಮಾಜದಲ್ಲಿ ಅದು ಹೆಚ್ಚಿರುವುದು ಸಹಜವೆಂದು ನಮಗೆ ತೋರುತ್ತದೆ. ಇದರ ಬೆಲೆಯೆಂದರೆ ಆಯಾಸ, ಆತಂಕ, ಖಿನ್ನತೆ. ಅನೇಕರು ಮೊದಲು ವೈದ್ಯರ ಬಳಿಗೆ ಹೋಗುವುದು ಇವುಗಳಿಗಾಗಿಯೇ. ಬುಡದಲ್ಲಿರುವುದನ್ನು ಯಾರೂ ವಿಚಾರಿಸುವುದಿಲ್ಲ.

ಆದರೆ ಮೌನಿಯಾದವಳೆಲ್ಲ ಸ್ವಲೀನಳೆಂದು ಹೇಳಿದರೆ ಅದೂ ತಪ್ಪಾಗುತ್ತದೆ. ಬಾಲ್ಯದ ಕಷ್ಟಗಳು, ಸಂಕೋಚಸ್ವಭಾವ, ಗಮನ ನಿಲ್ಲದಿರುವ ತೊಂದರೆ, ಆತಂಕ ಇವೆಲ್ಲವೂ ಇದೇ ವೇಷದಲ್ಲಿ ಬರಬಲ್ಲವು. ಕೇಂಬ್ರಿಜ್‌ನಲ್ಲಿ 2001ರಲ್ಲಿ ಸಿದ್ಧವಾದ ಐವತ್ತು ಪ್ರಶ್ನೆಗಳ ಪಟ್ಟಿಯಂತಹವನ್ನು ತುಂಬಿ ನೋಡುವವರಿದ್ದಾರೆ. ಅದು ವಿಚಾರಣೆಗೆ ಪ್ರೇರಣೆಯಾಗಬಹುದೇ ಹೊರತು ತೀರ್ಪಾಗಲಾರದು.

5. ಬೇರೆಬೇರೆಯಾದ ಮೂರು ಪ್ರಶ್ನೆಗಳು

ನಿರ್ಣಯವನ್ನು ಪಡೆಯಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಗೊಂದಲ ಹುಟ್ಟುವುದು ಮೂರು ಪ್ರಶ್ನೆಗಳನ್ನು ಒಂದಾಗಿ ಕಲಸುವುದರಿಂದ ಎಂದು ನಮ್ಮ ಅಭಿಪ್ರಾಯ. ತನ್ನನ್ನು ತಾನು ಅರಿತುಕೊಳ್ಳುವುದು ಒಂದು; ವೈದ್ಯರಿಂದ ನಿರ್ಣಯವನ್ನು ಪಡೆಯುವುದು ಎರಡನೆಯದು; ಸರ್ಕಾರದಿಂದ ಅಂಗವಿಕಲತೆಯ ಪ್ರಮಾಣಪತ್ರವನ್ನು ಪಡೆಯುವುದು ಮೂರನೆಯದು. ಮೊದಲನೆಯದನ್ನು ಮಾಡಿದವಳು ಎರಡನೆಯದನ್ನು ಮಾಡಲೇಬೇಕೆಂದಿಲ್ಲ. ಎರಡನೆಯದನ್ನು ಮಾಡಿದವಳು ಮೂರನೆಯದಕ್ಕೆ ಹೋಗಲೇಬೇಕೆಂದೂ ಇಲ್ಲ.

ಮೂರನೆಯದನ್ನು ಮೊದಲು ನೋಡೋಣ. 1995ರ ಅಂಗವಿಕಲರ ಕಾಯಿದೆಯಲ್ಲಿದ್ದ ಏಳು ವೈಕಲ್ಯಗಳಲ್ಲಿ ಸ್ವಲೀನತೆ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅದರ ಹೆಸರು ಬಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಇಪ್ಪತ್ತೊಂದು ವೈಕಲ್ಯಗಳಲ್ಲಿ ಅದೂ ಸೇರಿತು. ನೂರಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ಆ ಕಾಯಿದೆ ವಿಧಿಸಿದ ಮೀಸಲಾತಿ ನೂರಕ್ಕೆ 4. ಅದರಲ್ಲಿ 1 ಸ್ವಲೀನತೆಯೂ ಸೇರಿದ ಗುಂಪಿಗೆ ಮೀಸಲು. ಅಳತೆಗಾಗಿ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಸಿದ್ಧವಾದ ಭಾರತೀಯ ಮಾಪಕವನ್ನು ಸರ್ಕಾರ ಅಂಗೀಕರಿಸಿತು. ಅದರಲ್ಲಿ ಆರು ಭಾಗಗಳು, 40 ಅಂಶಗಳು. ಒಟ್ಟು ಅಂಕ 70ಕ್ಕಿಂತ ಕಡಮೆಯಾದರೆ ಸ್ವಲೀನತೆಯಿಲ್ಲವೆಂದೇ ಗಣನೆ. ಅಲ್ಲಿ ಹೆಚ್ಚಾಗಿ ಎಣಿಕೆಗೆ ಬರುವುದು ಹೊರಗಿನಿಂದ ಕಾಣುವ ನಡತೆ. ನಡತೆಯನ್ನು ಮರೆಮಾಚಲು ಮೂವತ್ತು ವರ್ಷ ಕಲಿತವಳಿಗೆ ಅದರಲ್ಲಿ ಕಡಮೆ ಅಂಕ ಬಂದರೆ ಅಚ್ಚರಿಪಡಬೇಕಾದುದಿಲ್ಲ. ಪ್ರಮಾಣಪತ್ರ ದೊರೆಯಲಿಲ್ಲವೆಂದು ವೈದ್ಯರ ನಿರ್ಣಯ ಸುಳ್ಳಾಗುವುದಿಲ್ಲ.

ಎರಡನೆಯದಕ್ಕೆ ಬರೋಣ. ಇಲ್ಲಿ ಹೆಂಗಸರು ಭಯಪಡುವುದು ಮುಖ್ಯವಾಗಿ ಮದುವೆಯ ವಿಷಯದಲ್ಲಿ. ಆ ಭಯ ನಿರಾಧಾರವೆಂದು ಹೇಳಿ ಹಾರಿಸಿಬಿಡುವಂತಹದಲ್ಲ. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಆದ ತಿದ್ದುಪಡಿಯಂತೆ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಕಾರಣವಾಗಬಹುದು. ಆ ಶಬ್ದಕ್ಕೆ ಕೊಟ್ಟಿರುವ ವಿವರಣೆಯೂ ವಿಶಾಲವಾಗಿದೆ. ಆದರೆ ಅಂತಹ ಅಸ್ವಸ್ಥತೆಯ ಹೆಸರೊಂದೇ ಸಾಲದು, ಅದರ ತೀವ್ರತೆ ಒಟ್ಟಿಗೆ ಬಾಳುವುದು ಸಾಧ್ಯವಿಲ್ಲವೆನ್ನುವಷ್ಟಿರಬೇಕು ಎಂದು ರಾಮ್ ನಾರಾಯಣ್ ಗುಪ್ತ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ಸ್ಪಷ್ಟಪಡಿಸಿತು. ಕಾಯಿದೆಯ ರಕ್ಷಣೆ ಹೀಗಿದ್ದರೂ ನ್ಯಾಯಾಲಯದ ಹೊರಗೆ, ಹಜಾರದಲ್ಲಿ, ಬೀಗರ ಮುಂದೆ, ಒಂದು ಕಾಗದ ಏನು ಮಾಡಬಲ್ಲುದೆಂಬುದನ್ನು ಪ್ರತಿಯೊಬ್ಬಳೂ ತನ್ನ ಮನೆಯನ್ನು ನೋಡಿ ತಾನೇ ತಿಳಿಯಬೇಕು. ಯಾರಿಗೆ ಹೇಳಬೇಕೆಂಬುದನ್ನು ನಿರ್ಣಯಕ್ಕೆ ಮುಂಚೆಯೇ ಯೋಚಿಸಿಕೊಂಡಿರುವುದು ವಿವೇಕ.

ಇನ್ನೊಂದು ತಟ್ಟೆಯಲ್ಲಿರುವುದೂ ಕಡಮೆ ತೂಕದ್ದಲ್ಲ. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವಳಿಗೆ ಬುಡದ ಕಾರಣ ತಿಳಿದರೆ ಚಿಕಿತ್ಸೆಯ ದಾರಿ ಬದಲಾಗಬಹುದು. ಕೆಲಸದ ಕಡೆ ಗದ್ದಲವಿಲ್ಲದ ಸ್ಥಳವನ್ನು, ಬಾಯಿಮಾತಿನ ಬದಲು ಬರೆದುಕೊಟ್ಟ ಆದೇಶವನ್ನು ಕೇಳಲು ಆಧಾರ ದೊರೆಯಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಜಂಬಗಾತಿ, ಮೊಂಡಿ, ಕಲ್ಲುಮನಸ್ಸಿನವಳು ಎಂದು ಕೇಳಿ ಕೇಳಿ ತಾನೂ ನಂಬಿಬಿಟ್ಟವಳಿಗೆ ತನ್ನ ಜೀವನವನ್ನು ಮತ್ತೆ ಮೊದಲಿನಿಂದ ಓದಲು ಅವಕಾಶವಾಗುತ್ತದೆ. ಅಲ್ಲವೆಂಬ ಉತ್ತರ ಬಂದರೂ ಅದು ನಷ್ಟವಲ್ಲ; ಹಾಗಾದರೆ ಏನೆಂಬ ವಿಚಾರಣೆ ಅಲ್ಲಿಂದ ಮುಂದುವರಿಯಬಹುದು.

ಈ ನಾಲ್ಕು ಊರುಗಳಿಂದ ವಿಚಾರಣೆಗೆ ಹೋಗುವವರ ದೃಷ್ಟಿ ಸಹಜವಾಗಿ ಬೆಂಗಳೂರಿನ ಕಡೆಗೆ ತಿರುಗುತ್ತದೆ. ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ಆದ ನಿಮ್ಹಾನ್ಸ್ ಅಲ್ಲಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಮೊದಲು ಕಂಡು ಅವರ ಸಲಹೆಯಂತೆ ಮುಂದುವರಿಯುವುದೂ ಒಂದು ಮಾರ್ಗ. ನಮ್ಮಲ್ಲಿಯ ಸೌಕರ್ಯಗಳು ಬಹುಮಟ್ಟಿಗೆ ಮಕ್ಕಳಿಗಾಗಿ ಏರ್ಪಟ್ಟವು. ವಯಸ್ಕರನ್ನು, ಅದರಲ್ಲಿಯೂ ಸ್ತ್ರೀಯರನ್ನು, ಪರೀಕ್ಷಿಸಿ ಅನುಭವವುಳ್ಳವರು ಯಾರೆಂದು ಮೊದಲೇ ಕೇಳಿ ತಿಳಿದುಕೊಂಡು ಹೋಗುವುದು ಒಳ್ಳೆಯದು.

6. ಸಾಕ್ಷಿಯ ಪ್ರಶ್ನೆ

ವಯಸ್ಕರ ನಿರ್ಣಯಕ್ಕೆ ಬಾಲ್ಯದ ವೃತ್ತಾಂತ ಬೇಕು. ಹೆಣ್ಣು ಮೂರು ನಾಲ್ಕು ವರ್ಷದ ಮಗುವಾಗಿದ್ದಾಗ ಹೇಗೆ ಆಡುತ್ತಿದ್ದಳು, ಯಾವಾಗ ಮಾತನಾಡಿದಳು, ಯಾವುದಕ್ಕೆ ಅಳುತ್ತಿದ್ದಳು ಎಂಬುದನ್ನು ಬಲ್ಲವರು ತಾಯಿ, ಅಜ್ಜಿ, ದೊಡ್ಡಮ್ಮಂದಿರು. ಇಲ್ಲಿಯೇ ಚರಿತ್ರೆಯವರಾದ ನಾವು ಹೇಳಬೇಕಾದುದೊಂದಿದೆ. ನಿರ್ಣಯವನ್ನು ಮುಂದಿನ ವರ್ಷಕ್ಕೋ ಹತ್ತು ವರ್ಷಕ್ಕೋ ಮುಂದೂಡಬಹುದು, ಸಾಕ್ಷಿಯನ್ನು ಮುಂದೂಡಲಾಗುವುದಿಲ್ಲ. ಎಪ್ಪತ್ತು ವರ್ಷದ ತಾಯಿಯ ನೆನಪು ಕಾಯುವ ವಸ್ತುವಲ್ಲ.

ಆದುದರಿಂದ ಹೋಗಬೇಕೇ ಬೇಡವೇ ಎಂಬುದು ತೀರ್ಮಾನವಾಗುವುದಕ್ಕೆ ಮುಂಚೆಯೇ ಸಾಕ್ಷಿಯನ್ನು ಬರೆದಿಟ್ಟುಕೊಳ್ಳುವುದು ಕರ್ತವ್ಯವೆಂದು ನಮ್ಮ ಸೂಚನೆ. ಸ್ವಲೀನತೆಯ ಮಾತನ್ನೆತ್ತದೆಯೇ ಕೇಳಬಹುದು. ಹಾಗೆ ಕೇಳಿದರೆ ಉತ್ತರಕ್ಕೆ ಬಣ್ಣ ಹತ್ತುವುದೂ ಕಡಮೆ. “ಅಮ್ಮಾ, ಚಿಕ್ಕವಳಿದ್ದಾಗ ಯಾವ ಬಟ್ಟೆ ತೊಡಿಸಿದರೆ ಕಿತ್ತೆಸೆಯುತ್ತಿದ್ದೆ? ಜಾತ್ರೆಗೆ ಕರೆದುಕೊಂಡು ಹೋದರೆ ಏನು ಮಾಡುತ್ತಿದ್ದೆ? ಪಕ್ಕದ ಮನೆಯ ಹುಡುಗಿಯರೊಡನೆ ಆಡುತ್ತಿದ್ದೆನೇ, ನೋಡುತ್ತ ನಿಂತಿರುತ್ತಿದ್ದೆನೇ?” ಎಂಬಂತಹ ಪ್ರಶ್ನೆಗಳು ಸಾಕು. ಈ ಭಾಗದ ಅನೇಕ ಮನೆಗಳಲ್ಲಿ ಒಳಗಿನ ಮಾತು ತೆಲುಗು, ಹೊರಗಿನ ಮಾತು ಕನ್ನಡ. ತಾಯಿ ಯಾವ ಮಾತಿನಲ್ಲಿ ನೆನೆಯುತ್ತಾಳೋ ಅದರಲ್ಲಿಯೇ ಕೇಳಿ, ಅವಳ ಮಾತುಗಳಲ್ಲಿಯೇ ಬರೆದುಕೊಳ್ಳಬೇಕು. ಮಗು ಮೊದಲು ಆಡಿದ ಮಾತು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ ರೀತಿ, ಅನುವಾದದಲ್ಲಿ ಕಳೆದುಹೋಗುತ್ತವೆ. ಇದರೊಡನೆ ಶಾಲೆಯ ಅಂಕಪಟ್ಟಿಗಳನ್ನೂ, ಉಪಾಧ್ಯಾಯರ ಷರಾಗಳನ್ನೂ, ಹಳೆಯ ಕಾಗದ ಪುಸ್ತಕಗಳನ್ನೂ ಒಂದು ಕಡೆ ಕೂಡಿಸಿಡಬೇಕು. ವಿರುದ್ಧವಾದ ಸಾಕ್ಷ್ಯವನ್ನೂ ಬಿಡದೆ ಬರೆಯಬೇಕೆಂಬುದನ್ನು ನಮ್ಮ ವಾಚಕರಿಗೆ ನೆನಪಿಸಬೇಕಾಗಿಲ್ಲ.

7. ಉಪಸಂಹಾರ

ಮೇಲಣ ವಿವೇಚನೆಯಿಂದ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಹೊರಡುವುದಿಲ್ಲ. ಕಷ್ಟವಿಲ್ಲದೆ ಬಾಳುತ್ತಿರುವವಳಿಗೆ ಕಾಗದದ ಅಗತ್ಯವಿಲ್ಲದಿರಬಹುದು, ಕುಸಿಯುತ್ತಿರುವವಳು ತಡಮಾಡಬಾರದು. ಆದರೆ ಹೆಸರು ಇಲ್ಲದಿದ್ದ ಕಾಲದಲ್ಲಿಯೂ ಮನುಷ್ಯರು ಇದ್ದರೆಂಬುದು, ಗಣತಿ ಕೇಳದವರೂ ಈ ಜಿಲ್ಲೆಯ ಜನರೇ ಎಂಬುದು, ಚರಿತ್ರೆಯಿಂದ ದೃಢವಾಗುತ್ತದೆ.

ನಮ್ಮ ವಿಷಯವಾಗಿ ಆರಂಭದಲ್ಲಿ ಹೇಳಿದ ಮಾತನ್ನು ಮುಗಿಸಬೇಕಾಗಿದೆ. ವೈದ್ಯರ ಬಳಿಗೆ ಹೋಗುವುದೆಂದು ತೀರ್ಮಾನಿಸಿದ್ದೇವೆ. ಪ್ರಮಾಣಪತ್ರದ ಯೋಚನೆ ಸದ್ಯಕ್ಕಿಲ್ಲ. ಅದಕ್ಕೆ ಮುಂಚೆ ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ತಾಯಿಯವರನ್ನು ಮೇಲೆ ಹೇಳಿದ ರೀತಿಯಲ್ಲಿ ಕೇಳಿ ಬರೆದುಕೊಂಡೆವು. ಬರಹ ಹದಿನಾಲ್ಕು ಪುಟಗಳಾಯಿತು. ಅದರಲ್ಲಿ ನಮಗೆ ಗೊತ್ತಿದ್ದುದು ಅರ್ಧ ಮಾತ್ರ. ಉಳಿದ ಅರ್ಧವನ್ನು ಅವರು ಇಷ್ಟು ವರ್ಷ ಯಾರೂ ಕೇಳಲಿಲ್ಲವಾದುದರಿಂದ ಹೇಳಿರಲಿಲ್ಲ.